‘ಎಲ್ಲ ಹೋಯ್ತು’ ಅನ್ನುವವರ ಎದುರು ಕೂತಾಗ

ಕೊಳೆ ರೋಗ ಹತ್ತಿದ ಅಡಿಕೆ ತೋಟದಲ್ಲಿ ಮರದ ಬುಡದ ತುಂಬ ಹಸಿರು ಕಾಯಿ ಉದುರಿರುತ್ತದೆ. ಸೊಸೈಟಿ ಸಾಲ, ಮಂಡಿಯ ಮುಂಗಡ, ಮಗಳ ಹಾಸ್ಟೆಲ್ ಫೀಸು ಒಟ್ಟಿಗೇ ತಲೆಗೆ ಬರುತ್ತವೆ. ಆಗ ಬಾಯಿಂದ ಬರುವ ಮಾತು ಒಂದೇ: ‘ಎಲ್ಲ ಹೋಯ್ತು.’ ಇಂಥವರಿಗೆ ‘ಧೈರ್ಯ ತಂದ್ಕೊಳ್ಳಿ’ ಅಂದರೆ ಉಪಯೋಗವಿಲ್ಲ. ಆ ‘ಎಲ್ಲ’ದಲ್ಲಿ ಏನೇನಿದೆ ಎಂದು ಬರೆಸಬೇಕು.

ಒಂದು ಹಾಳೆಯಲ್ಲಿ ಗೆರೆ ಎಳೆದು ಯಾರಿಗೆ, ಎಷ್ಟು, ಯಾವತ್ತಿಗೆ ಎಂದು ಬರೆಯಿರಿ. ಹಗಲು ಹೊತ್ತಲ್ಲಿ, ಮನೆಯವರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು. ರಾತ್ರಿ ಮೂರು ಗಂಟೆಗೆ ಎದ್ದು ಹಾಕುವ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ಬರೆದ ಮೇಲೆ ಒಂದೊಂದನ್ನೂ ಅದು ಗೊತ್ತಿರುವವರ ಹತ್ತಿರ ಒಯ್ಯಿರಿ. ಸಾಲವಾದರೆ ವಾಯಿದೆ ಮುಗಿಯುವ ಮೊದಲೇ ಸೊಸೈಟಿಗೆ ಹೋಗಿ. ನೋಟಿಸ್ ಬಂದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಲೋಕ ಅದಾಲತ್‌ನಲ್ಲಿ ರಾಜಿಯಾದದ್ದಕ್ಕೆ ಮೇಲ್ಮನವಿ ಇಲ್ಲ, ಹಾಗಾಗಿ ಕಂತು ಕಟ್ಟಲು ಆಗುತ್ತದೆಯೇ ಎಂದು ನೋಡಿಯೇ ಸಹಿ ಹಾಕಿ. ಎಲೆಚುಕ್ಕೆ ರೋಗವಾದರೆ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನವರಿಗೆ ಸೋಗೆಯ ತುಂಡು ತೋರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಕೊಳೆಯುತ್ತದೆ, ಪೇಪರಿನಲ್ಲಿ ಸುತ್ತಿ ಒಯ್ಯಿರಿ.

ಇದೆಲ್ಲ ಮಾಡುವಷ್ಟು ತ್ರಾಣವೇ ಇಲ್ಲದಿದ್ದರೆ ವಿಷಯ ಬೇರೆ. ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಊಟ ಸೇರುವುದಿಲ್ಲ, ತೋಟದ ಕಡೆ ತಲೆ ಹಾಕುವುದಿಲ್ಲ ಅಂದರೆ ಅದು ಸೋಮಾರಿತನವಲ್ಲ, ಖಿನ್ನತೆ ಇರಬಹುದು. ‘ನಾನಿದ್ದು ಏನಾಗ್ಬೇಕು’ ಎಂಬ ಮಾತು ಬಂದರೆ ‘ಸಾಯ್ಬೇಕು ಅಂತ ಅನ್ನಿಸ್ತಿದ್ಯಾ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಹಾಗಾಗುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ‘ಹೌದು’ ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟಕ್ಕೆ ತಂದ ವಿಷವನ್ನು (ನಮ್ಮಲ್ಲಿ ಅದನ್ನೂ ‘ಔಷಧಿ’ ಅಂತಲೇ ಕರೆಯುತ್ತೇವೆ) ಅವತ್ತೇ ಬೇರೆಯವರ ಮನೆಗೆ ಸಾಗಿಸಿ. ಅದೇ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಾದರೆ ಜೊತೆಗೊಬ್ಬರು ಹೋಗಿ.

ವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣ ಕಾಣದೇ ಇರಬಹುದು. ‘ಇದು ನಂಗೆ ಹಿಡಿಸ್ಲಿಲ್ಲ’ ಎಂದು ಎಷ್ಟೋ ಜನ ಆಗಲೇ ಮಾತ್ರೆ ಬಿಟ್ಟುಬಿಡುತ್ತಾರೆ.