ರಕ್ತದಲ್ಲಿ ನಿಲ್ಲದ ಮದ್ದು

ಮಳೆಗಾಲದಲ್ಲಿ ಗೂಡಿನ ಹಂದಿಗಳು ಕೆಮ್ಮತೊಡಗಿದರೆ ಪಶುವೈದ್ಯರ ಮುಂದೆ ಬರುವ ಬೇಡಿಕೆ ಸಾಮಾನ್ಯವಾಗಿ ಒಂದೇ: "ಡಾಕ್ಟರೇ, ಸ್ವಲ್ಪ ಪವರ್ ಜಾಸ್ತಿ ಇರುವ ಇಂಜೆಕ್ಷನ್ ಕೊಡಿ." ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಆಂಟಿಬಯೋಟಿಕ್‌ಗಳನ್ನು ಕಡಿಮೆ ಪವರ್, ಹೆಚ್ಚು ಪವರ್ ಎಂದು ಸಾಲಾಗಿ ನಿಲ್ಲಿಸುವ ಅಳತೆಗೋಲು ಎಲ್ಲಿಯೂ ಇಲ್ಲ. ಕೇಳಬೇಕಾದದ್ದು ಬೇರೆಯೇ: ಯಾವ ಬ್ಯಾಕ್ಟೀರಿಯಾ, ಅದು ದೇಹದ ಯಾವ ಜಾಗದಲ್ಲಿದೆ, ಮದ್ದು ಆ ಜಾಗಕ್ಕೆ ಹೋಗಿ ಎಷ್ಟು ದಿನ ಅಲ್ಲಿ ಇರುತ್ತದೆ? ಈ ಜಾಗದ ಪ್ರಶ್ನೆ ಎಷ್ಟು ಸೊಗಸಾದದ್ದು ಎಂಬುದನ್ನು ತೋರಿಸಲು ಟುಲಾಥ್ರೋಮೈಸಿನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ದನ ಮತ್ತು ಹಂದಿಗಳ ಶ್ವಾಸಕೋಶದ ಸೋಂಕಿಗೆಂದೇ ರೂಪಿಸಿದ ಮದ್ದು ಇದು. ಯುರೋಪಿನಲ್ಲಿ 2003ರಲ್ಲಿ, ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಪಡೆಯಿತು. ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆಯ ದ್ರಾವಣವಾದರೆ 40 ಕಿಲೋಗೆ ಒಂದು ಮಿಲಿಲೀಟರ್. 80 ಕಿಲೋ ಹಂದಿಗೆ ಕುತ್ತಿಗೆಯ ಸ್ನಾಯುವಿನೊಳಗೆ 2 ಮಿಲಿಲೀಟರ್, 200 ಕಿಲೋ ಕಡಸಿಗೆ ಚರ್ಮದಡಿ 5 ಮಿಲಿಲೀಟರ್. ಅಷ್ಟೇ, ಒಂದೇ ಸಲ. ಮರುದಿನ ಸೂಜಿ ಇಲ್ಲ, ಮೂರನೆಯ ದಿನವೂ ಇಲ್ಲ.

ಈಗ ವಿಚಿತ್ರ ನೋಡಿ. ಚುಚ್ಚಿದ ಸ್ವಲ್ಪ ಹೊತ್ತಿಗೆ ದನದ ರಕ್ತದಲ್ಲಿ ಈ ಮದ್ದು ಗರಿಷ್ಠ ಮಟ್ಟ ಮುಟ್ಟುತ್ತದೆ. ಆ ಗರಿಷ್ಠವಾದರೂ ಎಷ್ಟು? ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ. ಪ್ರಯೋಗಾಲಯದ ತಟ್ಟೆಯಲ್ಲಿ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳ ಎಷ್ಟೋ ತಳಿಗಳನ್ನು ತಡೆಯಲು ಒಂದೆರಡು ಮೈಕ್ರೋಗ್ರಾಂ ಬೇಕು. ರಕ್ತಪರೀಕ್ಷೆಯೊಂದನ್ನೇ ನಂಬಿದ್ದರೆ ಈ ಅಣುವನ್ನು ಕಸದ ಬುಟ್ಟಿಗೆ ಹಾಕಬೇಕಾಗಿತ್ತು. ಆದರೆ ಶ್ವಾಸಕೋಶದ ಅಂಗಾಂಶವನ್ನು ಅಳೆದಾಗ ರಕ್ತದಲ್ಲಿದ್ದುದರ ಹಲವು ಪಟ್ಟು ಮದ್ದು ಸಿಕ್ಕಿತು. ಅಲ್ಲಿ ಅದು ಅರ್ಧಕ್ಕಿಳಿಯಲು ದನದಲ್ಲಿ ಎಂಟು ದಿನದ ಆಸುಪಾಸು, ಹಂದಿಯಲ್ಲಿ ಸುಮಾರು ಆರು ದಿನ ಬೇಕು. ರಕ್ತ ಬರೀ ದಾರಿ. ಮದ್ದು ಮನೆ ಮಾಡಿದ್ದು ಬೇರೆ ಕಡೆ.

ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಟುಲಾಥ್ರೋಮೈಸಿನ್ ಒಂದು ದುರ್ಬಲ ಪ್ರತ್ಯಾಮ್ಲ. ಅದರ ಅಣುವಿನಲ್ಲಿ ಸಾರಜನಕವಿರುವ ಮೂರು ಅಮೈನ್ ಗುಂಪುಗಳಿವೆ. ಪ್ರತಿಯೊಂದೂ ಒಂದು ಪ್ರೋಟಾನನ್ನು ಹಿಡಿದುಕೊಳ್ಳಬಲ್ಲದು. ಪ್ರೋಟಾನ್ ಹಿಡಿದೊಡನೆ ಅಣುವಿಗೆ ವಿದ್ಯುದಾವೇಶ ಬರುತ್ತದೆ. ಜೀವಕೋಶದ ಪೊರೆ ಕೊಬ್ಬಿನದು. ಆವೇಶವಿಲ್ಲದ ಅಣು ಅದರೊಳಗೆ ನುಸುಳುತ್ತದೆ, ಆವೇಶ ಹೊತ್ತದ್ದಕ್ಕೆ ಅಲ್ಲಿ ದಾರಿಯಿಲ್ಲ. ರಕ್ತದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 7.4; ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅಲ್ಲಿ ಬಹುಪಾಲು ಅಣುಗಳು ಆವೇಶ ಹೊತ್ತೇ ಇರುತ್ತವೆ, ಆದರೆ ಆ ಕ್ಷಣಕ್ಕೆ ಪ್ರೋಟಾನ್ ಬಿಟ್ಟ ಒಂದಿಷ್ಟು ಅಣುಗಳು ಸದಾ ಇದ್ದೇ ಇರುತ್ತವೆ. ಅವು ಜೀವಕೋಶದೊಳಗೆ ದಾಟುತ್ತವೆ, ಅಲ್ಲಿಂದ ಲೈಸೋಸೋಮ್ ಎಂಬ ಪುಟ್ಟ ಚೀಲಗಳೊಳಕ್ಕೂ ದಾಟುತ್ತವೆ. ಲೈಸೋಸೋಮ್ ಜೀವಕೋಶದ ಜಠರ. ಒಳಗಿನ ಪಿಎಚ್ ಐದರ ಹತ್ತಿರ. ಅಲ್ಲಿ ಪ್ರೋಟಾನುಗಳಿಗೆ ಬರವಿಲ್ಲ. ಒಳಗೆ ಬಂದ ಅಣುವಿಗೆ ಅವು ತಕ್ಷಣ ಅಂಟಿಕೊಳ್ಳುತ್ತವೆ, ಹೊರಗೆ ಹೋಗುವ ದಾರಿ ಮುಚ್ಚುತ್ತದೆ.

ಮಳೆ ಹಿಡಿದಾಗ ಗದ್ದೆಯ ಬದುವಿನ ನೀರಿನ ಕಂಡಿಗೆ ಬಿದಿರಿನ ಕೂಳಿ ಇಟ್ಟವರಿಗೆ ಇದು ಬೇಗ ಅರ್ಥವಾದೀತು: ಮೀನು ಸಲೀಸಾಗಿ ಒಳಗೆ ಹೋಗುತ್ತದೆ, ವಾಪಸು ಬರಲಾರದು. ವ್ಯತ್ಯಾಸವೊಂದಿದೆ. ಕೂಳಿಯಲ್ಲಿ ಒಳಮುಖವಾಗಿ ಚಾಚಿದ ಕಡ್ಡಿಗಳು ಮೀನನ್ನು ತಡೆಯುತ್ತವೆ; ಇಲ್ಲಿ ಬಾಗಿಲು ಹಾಗೆಯೇ ತೆರೆದಿದೆ, ಬದಲಾದದ್ದು ಒಳಗೆ ಹೋದವನ ಮೈ.

ಲೆಕ್ಕ ಇನ್ನೂ ಚೆಂದ. ಪಿಎಚ್ ಅಳತೆ ಹತ್ತರ ಘಾತದಲ್ಲಿ ನಡೆಯುತ್ತದೆ. 7.4ಕ್ಕೂ 5ಕ್ಕೂ ಇರುವ 2.4ರ ಅಂತರವೆಂದರೆ ಸುಮಾರು 250 ಪಟ್ಟು. ಒಂದೇ ಅಮೈನ್ ಇರುವ ಅಣು ಕಾಗದದ ಮೇಲೆ ಲೈಸೋಸೋಮಿನಲ್ಲಿ 250 ಪಟ್ಟು ಸಾಂದ್ರವಾಗಬಹುದು. ಎರಡು ಅಮೈನ್ ಇದ್ದರೆ 250ನ್ನು 250ರಿಂದ ಗುಣಿಸಬೇಕು: 60,000 ದಾಟುತ್ತದೆ. ಮೂರಿದ್ದರೆ? ಕೋಟಿಯ ಲೆಕ್ಕ. ನಿಜವಾದ ಜೀವಕೋಶದಲ್ಲಿ ಇಷ್ಟಾಗುವುದಿಲ್ಲ. ಪೊರೆ ಅಲ್ಪಸ್ವಲ್ಪ ಸೋರುತ್ತದೆ, ಚೀಲಗಳು ಜೀವಕೋಶದ ಸಣ್ಣ ಪಾಲು ಮಾತ್ರ, ತುಂಬಿದ ಹಾಗೆ ಅವುಗಳ ಆಮ್ಲವೂ ಸಪ್ಪೆಯಾಗುತ್ತದೆ. ಆದರೂ ಈ ಕೂಳಿ ಯಾಕೆ ಇಷ್ಟು ಬಿಗಿ ಎಂಬುದು ಈ ಗುಣಾಕಾರದಲ್ಲಿದೆ.

ಲೈಸೋಸೋಮ್ ಹೇರಳವಾಗಿರುವುದು ಬ್ಯಾಕ್ಟೀರಿಯಾ ತಿನ್ನುವ ಬಿಳಿ ರಕ್ತಕಣಗಳಲ್ಲಿ, ಅಂದರೆ ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್‌ಗಳಲ್ಲಿ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್‌ಗಳು ಕಾಯಂ ಕಾವಲಿಗಿವೆ. ಸೋಂಕು ತಗಲಿದರೆ ನ್ಯೂಟ್ರೋಫಿಲ್‌ಗಳು ರಕ್ತದಿಂದ ಅಲ್ಲಿಗೆ ಧಾವಿಸುತ್ತವೆ. ಆಮ್ಲದೊಳಗೆ ಸಿಕ್ಕಿಬಿದ್ದ ಮದ್ದು ಅಲ್ಲಿದ್ದಷ್ಟು ಹೊತ್ತು ಹೆಚ್ಚು ಕೆಲಸ ಮಾಡದು. ಅದು ದಿನಗಟ್ಟಲೆ ನಿಧಾನವಾಗಿ ಹೊರಬಿದ್ದಾಗಲೇ ಸುತ್ತಲಿನ ಬ್ಯಾಕ್ಟೀರಿಯಾಗಳಿಗೆ ಕಷ್ಟಕಾಲ. ಹೊರಬಿದ್ದ ಅಣು ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಅಂಟಿ, ಹೊಸ ಪ್ರೋಟೀನಿನ ಎಳೆ ಹೊರಬರುವ ಸುರಂಗವನ್ನು ಕಟ್ಟಿಹಾಕುತ್ತದೆ. ಪ್ರೋಟೀನ್ ತಯಾರಿಕೆ ನಿಂತ ಮೇಲೆ ಬೆಳವಣಿಗೆ ಎಲ್ಲಿಯದು?

ಈ ಅಣುವಿನ ವಂಶಾವಳಿ ಮಣ್ಣಿನಿಂದ ಶುರುವಾಗುತ್ತದೆ. ಕಾಫಿಗೆ ಹೂಮಳೆ ಬಿದ್ದ ಸಂಜೆ ತೋಟದಿಂದ ಏಳುವ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಮತ್ತು ಅದರ ಬಳಗದ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್. ಇದೇ ಬಳಗದ ಒಂದು ಬ್ಯಾಕ್ಟೀರಿಯಾ ಫಿಲಿಪ್ಪೀನ್ಸಿನ ಇಲೋಯಿಲೋ ಪ್ರಾಂತದ ಮಣ್ಣಿನಲ್ಲಿತ್ತು. ಅಲ್ಲಿನ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಆ ಮಣ್ಣನ್ನು ಎಲೈ ಲಿಲ್ಲಿ ಕಂಪನಿಗೆ ಕಳುಹಿಸಿದರು. 1952ರಲ್ಲಿ ಅದರಿಂದ ಎರಿಥ್ರೋಮೈಸಿನ್ ಹೊರಬಂತು, ಮಾರಾಟದ ಹೆಸರು ಇಲೋಟೈಸಿನ್. ಊರಿನ ಹೆಸರು ಬಾಟಲಿಯ ಮೇಲೆ ಉಳಿಯಿತು, ಮಣ್ಣು ಕಳುಹಿಸಿದ ವೈದ್ಯರಿಗೆ ಅವರು ಕೇಳಿದ ರಾಯಧನ ಮಾತ್ರ ಸಿಗಲಿಲ್ಲ. ಎರಿಥ್ರೋಮೈಸಿನ್‌ಗೆ ಒಂದು ಕೊರತೆ ಇತ್ತು: ಹೊಟ್ಟೆಯ ಆಮ್ಲದಲ್ಲಿ ಅದು ಹಾಳಾಗುತ್ತಿತ್ತು. 1980ರಲ್ಲಿ ಆಗಿನ ಯುಗೊಸ್ಲಾವಿಯದ ಜಾಗ್ರೆಬ್‌ನಲ್ಲಿ ಪ್ಲಿವಾ ಕಂಪನಿಯ ರಸಾಯನವಿಜ್ಞಾನಿಗಳು ಅದರ 14 ಪರಮಾಣುಗಳ ಉಂಗುರಕ್ಕೆ ಒಂದು ಸಾರಜನಕವನ್ನು ಸೇರಿಸಿ 15 ಮಾಡಿದರು. ಅದೇ ಅಜಿತ್ರೋಮೈಸಿನ್, ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಮಾತ್ರೆ. ಆ ಸಾರಜನಕ ಅಣುವನ್ನು ಆಮ್ಲದಿಂದ ಉಳಿಸಿತು, ಜೊತೆಗೆ ಪ್ರೋಟಾನ್ ಹಿಡಿಯಲು ಎರಡನೆಯ ಕೈಯನ್ನೂ ಕೊಟ್ಟಿತು. ಟುಲಾಥ್ರೋಮೈಸಿನ್‌ನಲ್ಲಿ ಫೈಜರ್ ಕಂಪನಿಯವರು ಮೂರನೆಯದನ್ನು ಜೋಡಿಸಿದರು.

ಹಾಗಾದರೆ ಕೆಮ್ಮಿದ ಪ್ರಾಣಿಗೆಲ್ಲ ಇದನ್ನೇ ಚುಚ್ಚೋಣವೇ? ಬೇಡ. ನ್ಯುಮೋನಿಯಾ ತರುವ ಪಾಸ್ಟ್ಯುರೆಲ್ಲಾ, ಮ್ಯಾನ್‌ಹೀಮಿಯಾದಂಥ ಬ್ಯಾಕ್ಟೀರಿಯಾಗಳು ಆರೋಗ್ಯವಂತ ದನದ ಮೂಗು, ಗಂಟಲಲ್ಲೂ ವಾಸವಾಗಿರುತ್ತವೆ. ಲಾರಿ ಪ್ರಯಾಣದ ಆಯಾಸ, ಥಂಡಿ, ಕಿಕ್ಕಿರಿದ ಕೊಟ್ಟಿಗೆ, ಇಲ್ಲವೇ ಮೊದಲೇ ತಗಲಿದ ವೈರಸ್ ಇವುಗಳಿಗೆ ಶ್ವಾಸಕೋಶದ ದಾರಿ ತೆರೆಯುತ್ತವೆ. ಆಟಿ ತಿಂಗಳ ಗಾಳಿಮಳೆಗೆ ಹೆದರಿ ಹಂದಿಗೂಡಿಗೆ ನಾಲ್ಕೂ ಕಡೆ ಟಾರ್ಪಾಲಿನ್ ಬಿಗಿದು ಕಟ್ಟಿದರೆ ಒಳಗೆ ಮೂತ್ರದ ಅಮೋನಿಯಾ ತುಂಬುತ್ತದೆ. ಒಳಗೆ ಬಗ್ಗಿದವರ ಕಣ್ಣು ಉರಿಯುವಷ್ಟು. ಕಫವನ್ನು ಮೇಲಕ್ಕೆ ತಳ್ಳುವ ಶ್ವಾಸನಾಳದ ಸೂಕ್ಷ್ಮ ರೋಮಗಳು ಆ ಗಾಳಿಯಲ್ಲಿ ಸೋಲುತ್ತವೆ. ಟಾರ್ಪಾಲಿನ್ನಿನ ಮೇಲಂಚನ್ನು ಒಂದಡಿ ಬಿಚ್ಚಿ ಗಾಳಿಯಾಡಲು ಬಿಡುವುದಕ್ಕೆ ಯಾವ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ. ಇನ್ನು ಆಫ್ರಿಕನ್ ಹಂದಿಜ್ವರ. 2020ರಲ್ಲಿ ಅಸ್ಸಾಂ, ಅರುಣಾಚಲಗಳ ಮೂಲಕ ಭಾರತಕ್ಕೆ ಕಾಲಿಟ್ಟ ಆ ರೋಗ ವೈರಸ್‌ನದು. ವೈರಸ್‌ಗೆ ರೈಬೋಸೋಮೇ ಇಲ್ಲ, ಮದ್ದು ಅಂಟುವುದಾದರೂ ಎಲ್ಲಿಗೆ?

ಗಳಲೆ ರೋಗದ ಮಾತು ಇನ್ನೂ ಕುತೂಹಲದ್ದು. ಅದನ್ನು ತರುವುದೂ ಪಾಸ್ಟ್ಯುರೆಲ್ಲಾ ಮಲ್ಟೋಸಿಡಾವೇ, ಬೇರೆ ತಳಿ ಅಷ್ಟೇ. ಆದರೆ ಅದು ರಕ್ತವನ್ನೇ ಹೊಕ್ಕು ಒಂದೆರಡು ದಿನದೊಳಗೆ ದನ, ಎಮ್ಮೆಗಳನ್ನು ಕೆಡವುತ್ತದೆ. ರಕ್ತದಲ್ಲಿ ನಿಲ್ಲದ ಮದ್ದನ್ನು ರಕ್ತದ ಸೋಂಕಿಗೆ ನೆಚ್ಚಿಕೊಳ್ಳುವುದು ಜಾಣತನವಲ್ಲ. ಮಳೆಗೆ ಮೊದಲು ಹಾಕಿಸುವ ಲಸಿಕೆ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಾಲಿನ ವಿಷಯಕ್ಕೆ ಬರೋಣ, ಏಕೆಂದರೆ ಅದೇ ಕೂಳಿ ಇಲ್ಲಿ ನಮಗೇ ತಿರುಗಿಬೀಳುತ್ತದೆ. ಹಾಲಿನ ಪಿಎಚ್ ಸುಮಾರು 6.6, ರಕ್ತಕ್ಕಿಂತ ಹುಳಿ. ದುರ್ಬಲ ಪ್ರತ್ಯಾಮ್ಲಗಳು ರಕ್ತದಿಂದ ಹಾಲಿನ ಕಡೆಗೆ ಸರಿದು ಅಲ್ಲಿಯೂ ಸಿಕ್ಕಿಕೊಳ್ಳುತ್ತವೆ. ಜನರು ಕುಡಿಯುವ ಹಾಲು ಕೊಡುವ ಹಸುವಿಗೆ ಈ ಮದ್ದು ಕೂಡದು ಎಂದು ಲೇಬಲ್‌ನಲ್ಲಿ ಬರೆದಿದೆ. ಯುರೋಪಿನ ಲೇಬಲ್ ಕರು ಹಾಕುವ ಮೊದಲಿನ ಎರಡು ತಿಂಗಳನ್ನೂ ಸೇರಿಸುತ್ತದೆ. ಒಂದೇ ಹಸು, ಅದೇ ಹಾಲು, ಅದನ್ನೇ ಕುಡಿಯುವ ಮಕ್ಕಳಿರುವ ಮನೆಗಳೇ ನಮ್ಮಲ್ಲಿ ಹೆಚ್ಚು.

ವಾರಗಟ್ಟಲೆ ಉಳಿಯುವ ಮದ್ದಿಗೆ ಇನ್ನೊಂದು ಮುಖವಿದೆ. ಕೊನೆಯ ದಿನಗಳಲ್ಲಿ ಅದರ ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟಿರದೆ ಬರೀ ಪಳಗಿಸುವಷ್ಟಿರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ರೈಬೋಸೋಮಿನಲ್ಲಿ ಅಡೆನಿನ್ ಎಂಬ ಒಂದೇ ಒಂದು ಘಟಕದ ಮೇಲೆ ಮಿಥೈಲ್ ಎಂಬ ಪುಟ್ಟ ಗುಂಪು ಕೂರಿಸಿ ಮದ್ದು ಅಂಟದಂತೆ ಮಾಡಿಕೊಳ್ಳುತ್ತವೆ. ಹಾಗೆ ಕಲಿತದ್ದಕ್ಕೆ ಟುಲಾಥ್ರೋಮೈಸಿನ್ ಒಂದೇ ಅಲ್ಲ, ನಮ್ಮ ಅಜಿತ್ರೋಮೈಸಿನ್, ಎರಿಥ್ರೋಮೈಸಿನ್ ಕೂಡ ನಾಟುವುದಿಲ್ಲ. ಚೀಟಿ ಇಲ್ಲದೆ ಅಂಗಡಿಯಿಂದ ತಂದು ಕಣ್ಣಂದಾಜಿನಲ್ಲಿ ಅರ್ಧ ಡೋಸ್ ಚುಚ್ಚುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಚುಚ್ಚಿದ ಮೇಲೆ ಮಾಂಸಕ್ಕೆ ಕಡಿಯಬೇಕಾದರೆ ಕಾಯಬೇಕಾದ ಅವಧಿ ಅಮೆರಿಕದಲ್ಲಿ ಹಂದಿಗೆ 5 ದಿನ, ದನಕ್ಕೆ 18. ಐರೋಪ್ಯ ಒಕ್ಕೂಟದಲ್ಲಿ ಹಂದಿಗೆ 13, ದನಕ್ಕೆ 22. ಎಷ್ಟು ಶೇಷವನ್ನು ಸಹಿಸಬಹುದು ಎಂಬುದಕ್ಕೆ ಆಯಾ ಕಡೆ ಹಾಕಿಕೊಂಡ ಮಿತಿ ಬೇರೆಯಾದ್ದರಿಂದ ಈ ಅಂತರ. ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಎಲ್ಲ ಹೋಗುತ್ತದೆ ಎಂಬ ಸಮಾಧಾನ ಬೇಡ. ಜಾಗ್ರೆಬ್‌ನವರು ಆ ಉಂಗುರವನ್ನು ತಿದ್ದಿದ್ದೇ ಹುಳಿಗೆ ಜಗ್ಗದಿರಲಿ ಎಂದು. ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ ಕೈಲ್ ಪೊಳ್ದ್‌ಗೆ ಪಂದಿಕರಿ ಆಗಬೇಕಾದ ಹಂದಿಗೆ ಆಗಸ್ಟ್ ಕೊನೆಯಲ್ಲಿ ಕೆಮ್ಮು ಬಂದು ಸೂಜಿ ಬಿದ್ದಿದ್ದರೆ, ಐರೋಪ್ಯ ಲೆಕ್ಕದಲ್ಲಿ ಆ ಹಂದಿ ಹಬ್ಬಕ್ಕಿಲ್ಲ. ಕಡಂಬುಟ್ಟು ಎಂಬ ಅಕ್ಕಿ ಉಂಡೆಯ ಜೊತೆಗೆ ಬೇರೆ ಹಂದಿ ನೋಡಿಕೊಳ್ಳಬೇಕು, ಮಾರುವವರು ಸೂಜಿ ಹಾಕಿಸಿದ ತಾರೀಖನ್ನು ಕೊಳ್ಳುವವರಿಗೆ ಹೇಳಬೇಕು.