ಹಾಲು ಬಿಟ್ಟಿರಿ ಸರಿ, ಬಿ12 ಎಲ್ಲಿಂದ ಬರಬೇಕು?

ಶಿರಸಿಯ ನನ್ನ ಕ್ಲಿನಿಕ್ಕಿಗೆ ಬರುವ ವೀಗನ್ (ಹಾಲೂ ಸೇರಿ ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನದ) ಹುಡುಗ ಹುಡುಗಿಯರು ಹೆಚ್ಚಾಗಿ ಹೇಳುವುದು ಒಂದೇ ಮಾತು. "ಡಾಕ್ಟ್ರೇ, ನಮ್ಮದು ಮೊದಲಿಂದಲೂ ಸಸ್ಯಾಹಾರಿ ಮನೆ. ಈಗ ಹಾಲು, ಮಜ್ಜಿಗೆ ಬಿಟ್ಟಿದ್ದೇವೆ, ಜಾಸ್ತಿ ಏನೂ ಬದಲಾಗಿಲ್ಲ." ಬದಲಾಗಿದೆ. ಮೀನು, ಮೊಟ್ಟೆ ತಿನ್ನದ ಮನೆಗೆ ರಕ್ತಕ್ಕೂ ನರಕ್ಕೂ ಬೇಕಾದ ಬಿ12 ವಿಟಮಿನ್ ಬರುತ್ತಿದ್ದುದೇ ಆ ಹಾಲು, ಮಜ್ಜಿಗೆಯಿಂದ.

ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು, ಗಿಡಗಳಲ್ಲ. ಒಂದೆಲಗ, ಬಸಳೆ ಎಷ್ಟು ತಿಂದರೂ ಸಿಗುವುದಿಲ್ಲ. ಸಾವಯವ ತೋಟದ್ದಾದರೂ ಸಿಗುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿರುವುದು ಬಹುಪಾಲು ನಮ್ಮ ಮೈಗೆ ಉಪಯೋಗವಾಗದ ರೂಪ.

"ವರ್ಷ ಆಯ್ತು, ಏನೂ ಆಗಿಲ್ವಲ್ಲ?" ಅನ್ನುತ್ತಾರೆ. ದಯವಿಟ್ಟು ಇದೊಂದನ್ನು ಕೇಳಿ. ದಿನಕ್ಕೆ ಬೇಕಾಗುವುದು ಸುಮಾರು 2 ಮೈಕ್ರೋಗ್ರಾಂ ಮಾತ್ರ. ಲಿವರ್‌ನಲ್ಲಿ ಹಳೆಯ ದಾಸ್ತಾನು ಇರುತ್ತದೆ. ಕೂಡಿಟ್ಟ ಅಡಿಕೆ ಮಾರಿಕೊಂಡು ನಡೆಯುವ ಮನೆಯ ಹಾಗೆ, ಸ್ವಲ್ಪ ಕಾಲ ಕೊರತೆ ಗೊತ್ತಾಗುವುದಿಲ್ಲ. ನಮ್ಮ ಕಡೆಯ ಅನೇಕರಲ್ಲಿ ಆ ದಾಸ್ತಾನೂ ಮೊದಲೇ ಕಡಿಮೆ. ಹಿಮೋಗ್ಲೋಬಿನ್ ಸರಿ ಇದೆ ಅಂತ ಸುಮ್ನೆ ಕೂರಬೇಡಿ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ರಕ್ತಹೀನತೆಯ ಲಕ್ಷಣವನ್ನು ಮರೆಮಾಡಬಹುದು, ಒಳಗೆ ನರಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು, ನಡೆಯುವಾಗ ಓಲಾಟ. ತಡವಾದರೆ ನರ ಪೂರ್ತಿ ಚೇತರಿಸಿಕೊಳ್ಳದೇ ಇರಬಹುದು.

ಹಾಗಾದರೆ ವೀಗನ್ ಊಟ ಕೆಟ್ಟದ್ದಾ? ಹಾಗೆ ಹೇಳಲಾರೆ. ಆಕ್ಸ್‌ಫರ್ಡ್‌ನ ದೊಡ್ಡ ಅಧ್ಯಯನವೊಂದರಲ್ಲಿ ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತು. ಅದೇ ಅಧ್ಯಯನದ 2020ರ ವರದಿಯಲ್ಲಿ ವೀಗನ್‌ಗಳಲ್ಲಿ ಮೂಳೆ ಮುರಿತ ಜಾಸ್ತಿ ಇತ್ತು. ಇವು ಜನರ ಬದುಕನ್ನು ಗಮನಿಸಿ ಬರೆದ ಲೆಕ್ಕ. ಊಟವೊಂದೇ ಕಾರಣ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಬಿ12 ವಿಷಯದಲ್ಲಿ ಮಾತ್ರ ಅಂಥ ಗೊಂದಲವಿಲ್ಲ.

ಸಿದ್ದಾಪುರ ಕಡೆಯ ಒಬ್ಬ ತಾಯಿ ಬಂದಿದ್ದರು. "ಮಜ್ಜಿಗೆ ಇಲ್ದೆ ತಂಬುಳಿ ಹೆಂಗೆ ಮಾಡೂದು?" ಅಂತ ಬೇಸರ. ಕೊನೆಗೆ ಅವರೇ ತೆಂಗಿನಹಾಲು, ಮುರುಗಲು ಹಾಕಿ ಮಗನಿಗೆ ಬೇರೆ ಮಾಡಿಕೊಟ್ಟರು. ಅಪ್ಪೆಹುಳಿಗೆ ಹೇಗೂ ಹಾಲು ಬೇಡ. ಇಷ್ಟು ಪ್ರೀತಿಯಿಂದ ಬಡಿಸುವ ಮನೆಯಲ್ಲಿ ಒಂದು ಮಾತ್ರೆ ನುಂಗಲು ಮಗ ಹಟ ಮಾಡುತ್ತಿದ್ದ. ಪ್ರಾಣಿಯದ್ದು ಅಂತ ಅವನ ಹೆದರಿಕೆ. ಅಲ್ಲ, ಮಾತ್ರೆಗೆ ಹಾಕುವ ಬಿ12 ಕೂಡ ಬ್ಯಾಕ್ಟೀರಿಯಾದಿಂದಲೇ ಬರುತ್ತದೆ. ಕ್ಯಾಪ್ಸೂಲ್‌ನ ಹೊದಿಕೆ ಮಾತ್ರ ಪ್ರಾಣಿಯಿಂದ ತೆಗೆದ ಜೆಲಾಟಿನ್ ಆಗಿರಬಹುದು, ಅದನ್ನು ಕೇಳಿ ತೆಗೆದುಕೊಳ್ಳಿ.

ಎಷ್ಟು ಡೋಸ್ ಅಂತ ಇಲ್ಲಿ ಬರೆಯುವುದಿಲ್ಲ, ಪರೀಕ್ಷೆ ನೋಡಿ ಹೇಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇನ್ನೂ ಇಳಿಯಬಹುದು. ಬಸುರಿಯರು, ಎದೆಹಾಲು ಕೊಡುವವರು ಮುಂದೂಡಲೇಬೇಡಿ. ಅಲ್ಲಿ ಪೆಟ್ಟು ಬೀಳುವುದು ಮಗುವಿನ ಮೆದುಳಿಗೆ.