ಪದ ಪರಿಚಯ: ತೆರವು

ಮೆಟ್ರೊ ಮಾರ್ಗವೊಂದರ ಕೆಲಸ ಶುರುವಾಗುತ್ತಿದ್ದಂತೆ ಧ್ವಂಸ, ನೆಲಸಮ, ತೆರವು ಎಂಬ ಮೂರು ಮಾತುಗಳು ಒಂದರ ಬದಲು ಇನ್ನೊಂದು ಬಳಕೆಯಾಗತೊಡಗುತ್ತವೆ. ಅರ್ಥ ಮಾತ್ರ ಒಂದಲ್ಲ. ಧ್ವಂಸದಲ್ಲಿ ಹಾಳುಗೆಡಹುವ ಸಿಟ್ಟಿದೆ. ನೆಲಸಮವು ಕಟ್ಟಡ ಮಣ್ಣಿನ ಮಟ್ಟಕ್ಕೆ ಬಂತೆಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. ತೆರವು ಎಂಬ ಪದಕ್ಕೆ ಬೇಕಾಗಿರುವುದು ಕೆಡವಿದ ಕಟ್ಟಡವಲ್ಲ, ಆಮೇಲೆ ಉಳಿಯುವ ಜಾಗ.

ಪದದ ಹುಟ್ಟಿನಲ್ಲೇ ಇದು ಕಾಣುತ್ತದೆ. ಹಳಗನ್ನಡದ ತೆರಪು ಮುಂದೆ ತೆರಹು ಆಯಿತು, ತೆರವೂ ಆಯಿತು. ಬಾಗಿಲು ತೆರೆ ಎನ್ನುವಾಗಿನ ತೆರೆಗೆ ಇದು ನೆಂಟ. ಎಡೆ, ಬಿಡುವು, ಬಯಲು ಎಂಬುದು ಮೂಲ ಅರ್ಥ. ವಚನಗಳಲ್ಲಿ ಬರುವ 'ತೆರಹಿಲ್ಲದ' ಎಂದರೆ ಸಂದಿಲ್ಲದೆ ತುಂಬಿಕೊಂಡದ್ದು. ಹುದ್ದೆ ತೆರವಾಗಿದೆ ಎಂದು ನಾವು ಇಂದಿಗೂ ಹೇಳುವಾಗ ಯಾರನ್ನೋ ಕೆಡವಿದ ಸೂಚನೆ ಅದರಲ್ಲಿಲ್ಲ; ಜಾಗ ಖಾಲಿಯಿದೆ, ಅಷ್ಟೆ.

ಆದರೆ ಬಳಕೆಯಲ್ಲಿ ಈ ಪದಕ್ಕೆ ಒಂದು ಕಲೆ ಅಂಟಿದೆ. 'ಒತ್ತುವರಿ ತೆರವು' ಎಂದು ಕೇಳಿ ಕೇಳಿ, ತೆರವಾದ ಮನೆಯೆಂದರೆ ಅಕ್ರಮ ಮನೆಯೇ ಇರಬೇಕೆಂಬ ಭಾವನೆ ಬಂದುಬಿಟ್ಟಿದೆ. ಯೋಜನೆಗೆಂದು ಸ್ವಾಧೀನಕ್ಕೆ ಬಿಟ್ಟುಕೊಟ್ಟ ಮನೆಯ ದಾಖಲೆಪತ್ರಗಳೆಲ್ಲ ಸರಿಯಿರುತ್ತವೆ. ಹುಟ್ಟಿ ಬೆಳೆದ ಮನೆಯನ್ನು ಊರಿಗೆ ದಾರಿಯಾಗಲೆಂದು ಬಿಟ್ಟವರಿಗೂ ಒತ್ತುವರಿದಾರರಿಗೂ ಒಂದೇ ಶೀರ್ಷಿಕೆ ಕೊಡುವುದು ಅನ್ಯಾಯ. ಬರೆಯುವವರು ಇಲ್ಲಿ 'ಸ್ವಾಧೀನ' ಎಂಬ ಮಾತನ್ನು ಬಿಡಬಾರದು ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ಕೆಲಸದ ಅರ್ಥಕ್ಕೆ ಬರೋಣ. ನಿರ್ಮಾಣದವರ ಬಾಯಲ್ಲಿ ತೆರವು ಎಂದರೆ ಸಾಲುಸಾಲು ಕೆಲಸ. ಕೆಡವುವುದು ಅದರ ನಡುವಿನ ಒಂದು ಹಂತ ಮಾತ್ರ. ಮೊದಲು ನೋಡುವುದು ಕೆಡವಬೇಕಾದ ಕಟ್ಟಡವನ್ನಲ್ಲ, ಪಕ್ಕದಲ್ಲಿ ಉಳಿಯುವ ಕಟ್ಟಡವನ್ನು. ಅದರ ಗೋಡೆಯಲ್ಲಿ ಈಗಾಗಲೇ ಇರುವ ಪ್ರತಿ ಬಿರುಕಿನ ಫೋಟೊ ತೆಗೆದು, ಅಗಲ ಅಳೆದು ಬರೆದಿಡುತ್ತಾರೆ. ಇದಕ್ಕೆ ಸ್ಥಿತಿ ಸಮೀಕ್ಷೆ ಎಂದು ಹೆಸರು. ಈ ದಾಖಲೆ ಇಲ್ಲದಿದ್ದರೆ, ನಾಳೆ ಕಂಡ ಬಿರುಕು ಹಳೆಯದೋ ಹೊಸದೋ ಎಂಬ ಜಗಳಕ್ಕೆ ಕೊನೆಯೇ ಇರುವುದಿಲ್ಲ.

ಆಮೇಲೆ ನೀರು, ವಿದ್ಯುತ್, ಅನಿಲ, ದೂರವಾಣಿ, ಒಳಚರಂಡಿಗಳ ಸಂಪರ್ಕ ಕಡಿಯಬೇಕು. ಬೀದಿಗೆಲ್ಲ ಸೇರಿದ ಕೊಳವೆ, ಕೇಬಲ್‌ಗಳನ್ನಾದರೆ ಬೇರೆ ದಾರಿಗೆ ತಿರುಗಿಸಬೇಕು. ನೋಡುವವರಿಗೆ ಬೇಸರ ತರಿಸುವ ಈ ಕೆಲಸವೇ ಹಲವು ಸಲ ಇಡೀ ವೇಳಾಪಟ್ಟಿಯನ್ನು ನುಂಗುತ್ತದೆ. ನಕ್ಷೆಯಲ್ಲಿ ಇರುವ ಕೊಳವೆ ನೆಲದಲ್ಲಿ ಇರುವುದಿಲ್ಲ, ನೆಲದಲ್ಲಿ ಇರುವುದು ನಕ್ಷೆಯಲ್ಲಿ ಇರುವುದಿಲ್ಲ. ಅದಕ್ಕೇ ಯಂತ್ರ ಇಳಿಸುವ ಮುನ್ನ ಕೈಯಿಂದ ಪರೀಕ್ಷಾ ಗುಂಡಿಗಳನ್ನು ತೋಡಿ ನೋಡುತ್ತಾರೆ. ಜಗತ್ತಿನ ಮೊದಲ ಭೂಗತ ರೈಲು ಮಾರ್ಗ ಲಂಡನ್ನಿನಲ್ಲಿ 1863ರ ಜನವರಿಯಲ್ಲಿ ತೆರೆಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1862ರ ಜೂನ್‌ನಲ್ಲಿ, ಫ್ಲೀಟ್ ಎಂಬ ಹಳೆಯ ಹೊಳೆಯನ್ನು ಹೊತ್ತಿದ್ದ ಒಳಚರಂಡಿ ಒಡೆದು ಅಗೆತದೊಳಕ್ಕೆ ನುಗ್ಗಿತ್ತು. ಅದೇ ಫ್ಲೀಟ್ ಕಣಿವೆಯಲ್ಲಿ ಮಾರ್ಗಕ್ಕೆಂದು ಬಡವರ ಮನೆಗಳನ್ನು ಕೆಡವಿದ್ದರು. ಮನೆಗಳು ಹೋದವು, ಹೊಳೆ ಹೋಗಲಿಲ್ಲ.

ಕೆಡವುವಾಗಲೂ ಮೊದಲ ಏಟು ಗೋಡೆಗಲ್ಲ. ಕಲ್ನಾರಿನ ಶೀಟುಗಳಿದ್ದರೆ ಒದ್ದೆ ಮಾಡಿ, ಒಡೆಯದಂತೆ ಬಿಚ್ಚಿ, ಮುಚ್ಚಿ ಸಾಗಿಸಬೇಕು. ಅದರ ಎಳೆ ಉಸಿರಿನಲ್ಲಿ ಹೋದರೆ ಹತ್ತಾರು ವರ್ಷಗಳ ಬಳಿಕ ಕ್ಯಾನ್ಸರ್ ಆಗಿ ಹೊರಬರಬಹುದು. ಪಾದರಸವಿರುವ ಟ್ಯೂಬ್‌ಲೈಟು, ಹಳೆಯ ಇಂಧನ ತೊಟ್ಟಿ, ಸೀಸದ ಬಣ್ಣಗಳಿಗೂ ಬೇರೆ ಬೇರೆ ದಾರಿಯಿದೆ. ಬಳಿಕ ಬಾಗಿಲು, ಕಿಟಕಿ, ತಂತಿ, ನಲ್ಲಿಗಳನ್ನು ಬಿಚ್ಚುತ್ತಾರೆ. ಆಮೇಲೆ ಕಟ್ಟಿದ ಕ್ರಮ ತಿರುಗುಮುರುಗಾಗುತ್ತದೆ: ಕೊನೆಗೆ ಹಾಕಿದ ತಾರಸಿ ಮೊದಲು, ಮೊದಲು ನಿಂತ ಕಂಬ ಕೊನೆಗೆ. ಒಡೆದ ಕಾಂಕ್ರೀಟನ್ನು ಮಹಡಿಯ ಮೇಲೆ ರಾಶಿ ಹಾಕಬಾರದು. ಒಂದು ಘನ ಮೀಟರ್ ಗಟ್ಟಿ ಕಾಂಕ್ರೀಟು ಸುಮಾರು 2.4 ಟನ್ ತೂಗುತ್ತದೆ. ಕೆಳಗಿನ ಚಪ್ಪಡಿಯನ್ನು ಈ ಭಾರಕ್ಕೆಂದು ಯಾರೂ ಕಟ್ಟಿರುವುದಿಲ್ಲ. ಸಿಡಿಮದ್ದಿಟ್ಟು ಕ್ಷಣದಲ್ಲಿ ಕುಸಿಯಿಸುವ ದೃಶ್ಯ ಎಲ್ಲರಿಗೂ ಗೊತ್ತು, ಆದರೆ ಇಕ್ಕಟ್ಟಿನ ರೈಲು ಮಾರ್ಗದಲ್ಲಿ ಅದಕ್ಕೆ ಎಡೆ ಸಿಗುವುದು ಅಪರೂಪ. ನೆಲದ ಕಂಪನದ ವೇಗಕ್ಕೆ ಮಿತಿಗಳಿವೆ. ಹೆಚ್ಚು ಬಳಕೆಯಲ್ಲಿರುವ ಜರ್ಮನ್ ಮಾನದಂಡವು ತಗ್ಗು ಆವರ್ತನದಲ್ಲಿ, ಅಂದರೆ ನೆಲ ನಿಧಾನವಾಗಿ ಅದುರುವಾಗ, ವಾಸದ ಮನೆಯ ಅಡಿಪಾಯಕ್ಕೆ ಸೆಕೆಂಡಿಗೆ 5 ಮಿಲಿಮೀಟರ್, ಸೂಕ್ಷ್ಮವಾದ ಹಳೆಯ ಕಟ್ಟಡಕ್ಕೆ 3 ಮಿಲಿಮೀಟರ್ ಎನ್ನುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಅರ್ಧ ಕಟ್ಟಡ. ಮಾರ್ಗಕ್ಕೆ ಮುಂಭಾಗದ ಕೆಲವೇ ಅಡಿ ಬೇಕು, ಹಿಂದಿನ ಕೋಣೆಗಳಲ್ಲಿ ಜನ ಇರುತ್ತಾರೆ. ಅಲ್ಲಿ ಸುತ್ತಿಗೆ ಬೀಸುವಂತಿಲ್ಲ. ಮೊದಲು ಉಳಿಯುವ ಭಾಗಕ್ಕೆ ಆಸರೆ ಕೊಟ್ಟು, ಗೆರೆ ಹಾಕಿ, ವಜ್ರದ ಹರಳು ಕೂರಿಸಿದ ತಂತಿ ಗರಗಸದಿಂದ ಕಾಂಕ್ರೀಟನ್ನು ಕೊಯ್ಯುತ್ತಾರೆ. ಕೊಯ್ದಲ್ಲಿ ಹೊಸ ಗೋಡೆ, ಬೇಕಾದರೆ ಹೊಸ ಕಂಬ. ಈ ಕೆಲಸವನ್ನೂ 'ಕೆಡವಿದರು' ಎಂದೇ ಕರೆದರೆ ಕೊಯ್ದವರ ಕೈಗುಣಕ್ಕೆ ಮಾತೇ ಇಲ್ಲದಂತಾಗುತ್ತದೆ.

ಅವಶೇಷ ಸಾಗಿಸಿದ ಮೇಲೆ ನೆಲಸಮವೇನೋ ಆಯಿತು. ಸುರಂಗ ಮಾರ್ಗವಾದರೆ ತೆರವು ಆಗಿಲ್ಲ. ಮಣ್ಣಿನೊಳಗೆ ಹಳೆಯ ಅಡಿಪಾಯ, ಕಟ್ಟಡದ ಭಾರ ಹೊರಲು ಆಳಕ್ಕೆ ಇಳಿಸಿದ, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಕಂಬಗಳು (ಪೈಲುಗಳು) ಉಳಿದಿರುತ್ತವೆ. ಮಣ್ಣು, ಬಂಡೆ ಕೊರೆಯುವ ಸುರಂಗ ಯಂತ್ರಕ್ಕೆ ಸರಳು ಸಿಕ್ಕಿಕೊಂಡರೆ ಹಲ್ಲು ಮುರಿಯುತ್ತದೆ. ಕೆಲವೊಮ್ಮೆ ಸಿಗುವುದು ಕಬ್ಬಿಣವೂ ಅಲ್ಲ: ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಬಳಿ 2015ರಲ್ಲಿ ಕ್ರಾಸ್‌ರೈಲ್ ಮಾರ್ಗಕ್ಕಾಗಿ ಅಗೆದಾಗ ಹಳೆಯ ಬೆಡ್‌ಲಂ ಸ್ಮಶಾನದ 3,000ಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದವು. ಪುರಾತತ್ವಜ್ಞರು ಒಂದೊಂದನ್ನೂ ಎತ್ತಿ ಮುಗಿಸುವವರೆಗೆ ಆ ಜಾಗ ತೆರವಾಯಿತು ಎನ್ನುವಂತಿರಲಿಲ್ಲ.

ಪಾಳುಬಾವಿ, ಕೊಳವೆಬಾವಿಗಳದ್ದು ಇನ್ನೊಂದು ಕತೆ. ಯಾವಾಗಲೋ ಮಣ್ಣು ಸುರಿದು, ಮೇಲೆ ಕೋಣೆ ಕಟ್ಟಿ ಮರೆತ ಬಾವಿಯ ಕೆಳಗೆ ಯಂತ್ರ ಹಾದರೆ ಸಡಿಲ ಮಣ್ಣು ಜಾರಿ ಮೇಲಿನ ನೆಲ ಬಾಯ್ಬಿಡುತ್ತದೆ. ಇಂಥ ಬಾವಿ ಯಾವ ನಕ್ಷೆಯಲ್ಲೂ ಇಲ್ಲದಿರಬಹುದು. ಅದಿರುವ ಜಾಗ ಗೊತ್ತಿರುವುದು ಆ ಮನೆ ಬಿಟ್ಟುಹೋದ ಹಿರಿಯರಿಗೆ. ಕೀಲಿಕೈ ಇಸಿದುಕೊಳ್ಳುವ ದಿನವೇ ಅವರನ್ನು ಕೇಳಿ ಗುರುತು ಹಾಕಿಕೊಳ್ಳಬೇಕು.